ಅಂಗೈಯ ಸರಸ್ವತಿ

ಬಳ್ಳಾರಿ ಸೀಮೆಯ ಕೂಲಿಮಠಗಳಲ್ಲಿ ಬೆಳಗಿನ ಆರು ಗಂಟೆಗೇ ಪಾಠವು ಆರಂಭವಾಗುತ್ತಿದ್ದ ಕಾಲವೊಂದಿತ್ತು. ಎಲ್ಲರಿಗಿಂತ ಮೊದಲು ಬಂದು ಮಠದ ಹೊಸ್ತಿಲನ್ನು ದಾಟಿದ ಹುಡುಗನ ಅಂಗೈಯ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಗೆ ಒಂದು ಸೊನ್ನೆ, ಎಂದರೆ ಅವನು ಸ್ತುತಿಗೂ ಪಾತ್ರನಲ್ಲ, ನಿಂದೆಗೂ ಪಾತ್ರನಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಛಡಿಯೇಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದಕ್ಕೆ ಬಂದವರಿಗೆ ಬಂದ ಸರದಿಯಂತೆ ಒಂದೊಂದು ಹೆಚ್ಚು. ಆ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು 1823ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದು ಕಳುಹಿಸಿದ ವರದಿಯಲ್ಲಿ ಈ ವಾಡಿಕೆಯ ವರ್ಣನೆಯಿದೆ. ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಮೊದಲನೆಯ ಹುಡುಗನ ಬಳಿಯೇ ನಿಂತುಬಿಡುತ್ತದೆ: ಕತ್ತಲು ಹರಿಯುವ ಮುನ್ನವೇ ಎದ್ದು ಓಡಿಬಂದ ಆ ಮಗುವಿಗೆ, ಮಧ್ಯಾಹ್ನ ಊಟಕ್ಕೆ ಕೂತಾಗ ಆ ಕೈಯನ್ನು ತೊಳೆಯುವುದಕ್ಕೆ ಮನಸ್ಸು ಬಂದೀತೆ?

ಎಳೆಯ ಮಕ್ಕಳನ್ನು ಪಾಠದ ಮುಂದೆ ಕೂರಿಸುವುದು ಹೇಗೆ, ಕೂತವರ ಮನಸ್ಸನ್ನು ಪಾಠದೊಳಕ್ಕೆ ಎಳೆಯುವುದು ಹೇಗೆ ಎಂಬ ಪ್ರಶ್ನೆಯು ಇಂಗ್ಲಿಷ್ ಉಪಾಧ್ಯಾಯರನ್ನು ಇಂದು ಕಾಡುತ್ತಿರುವಂತೆಯೇ ಇನ್ನೂರು ವರ್ಷಗಳಿಂದಲೂ ಕಾಡುತ್ತ ಬಂದಿದೆ. ಇಂಗ್ಲಿಷ್ ತರಗತಿಯ ಚರಿತ್ರೆಯನ್ನು ನಾನು ಕನ್ನಡದ ಕೂಲಿಮಠದಿಂದ ತೊಡಗುವುದಕ್ಕೆ ಬಲವಾದ ಕಾರಣವಿದೆ; ಅದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ಎಲ್ಲ ಕಲೆಕ್ಟರರಿಂದಲೂ ದೇಶೀಯ ವಿದ್ಯಾಭ್ಯಾಸದ ಲೆಕ್ಕವನ್ನು ತರಿಸಿಕೊಳ್ಳಬೇಕೆಂದು ಸಂಕಲ್ಪಿಸಿದನು. ಕ್ಯಾಂಬೆಲ್ಲನ ವರದಿಯು ಆ ಆಜ್ಞೆಗೆ ಬಂದ ಉತ್ತರ. ಒಂಬತ್ತೂಕಾಲು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಆ ಜಿಲ್ಲೆಯಲ್ಲಿ ಇದ್ದ ಶಾಲೆಗಳು 533, ಓದುತ್ತಿದ್ದ ಮಕ್ಕಳು 6,641. ಇವುಗಳಲ್ಲಿ 235 ಶಾಲೆಗಳು ಕನ್ನಡದವು, 226 ತೆಲುಗಿನವು. ಇಂಗ್ಲಿಷಿನದು ಒಂದೇ ಒಂದು. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುವುದು ಮೊದಲ ಮೆಟ್ಟಿಲು. ಅದಾದ ಮೇಲೆ ಹಲಗೆ, ಕಡತ. ಸೋಮಾರಿಯಾದವನಿಗೆ ಛಡಿಯೇಟು; ಅದಕ್ಕೂ ಬಗ್ಗದವನಿಗೆ ಎರಡು ಕೈಗಳನ್ನೂ ಕಟ್ಟಿ ಮಾಡಿನ ತೊಲೆಗೆ ತೂಗುಹಾಕುವ ಶಿಕ್ಷೆ, ನಮ್ಮ ಹಿರಿಯರ ಬಾಯಲ್ಲಿ ‘ಕೋದಂಡ’ವೆಂಬ ಹೆಸರಿನಿಂದ ಉಳಿದಿರುವುದು; ಇಲ್ಲವೆ ಬಿಡದೆ ಬಸ್ಕಿ ಹೊಡೆಸುವುದು. ಇವೆಲ್ಲವನ್ನೂ ಬರೆದ ಕಲೆಕ್ಟರನು ಎರಡು ಮಾತುಗಳನ್ನು ವಿಶೇಷವಾಗಿ ಹೇಳಿದ್ದಾನೆ. ಮಠದ ಮಕ್ಕಳನ್ನು ತಿಳಿವಳಿಕೆಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಕೆಳಗಿನ ಗುಂಪುಗಳನ್ನು ಮುಂದುವರಿದ ಹುಡುಗರ ವಶಕ್ಕೆ ಒಪ್ಪಿಸುತ್ತಿದ್ದರು. ಚಿಕ್ಕವರಿಗೆ ಹೇಳಿಕೊಡುತ್ತ ಹೇಳಿಕೊಡುತ್ತ ದೊಡ್ಡವರು ತಮ್ಮ ಕಲಿಕೆಯನ್ನು ಗಟ್ಟಿಮಾಡಿಕೊಳ್ಳುವ ಈ ಕ್ರಮವು ಪ್ರಶಂಸಾರ್ಹವಾದುದು, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿರುವುದು ಯುಕ್ತವೇ ಆಗಿದೆ ಎಂಬುದು ಮೊದಲನೆಯದು. ಹಳಗನ್ನಡದ ಪದ್ಯಗಳನ್ನು ಮಕ್ಕಳು ನೂರುಗಟ್ಟಲೆ ಒಪ್ಪಿಸಬಲ್ಲರಾದರೂ ಅವುಗಳ ಅರ್ಥವು ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿದೆ ಎಂಬುದು ಎರಡನೆಯದು. ಗಿಳಿಪಾಠವೆಂಬ ನಮ್ಮ ಮಾತೇ ಆ ದೊರೆಯ ಲೇಖನಿಗೂ ಬಂದಿತೆಂಬುದು ಗಮನಿಸತಕ್ಕದ್ದು.

ಇಂಗ್ಲೆಂಡಿನ ಅನುಕರಣವೆಂದು ಅವನು ಹೇಳಿದ ಸಂಗತಿಯ ಮೂಲವು ಮದರಾಸಿನ ಎಗ್ಮೋರಿನಲ್ಲಿದೆ. ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಅಲ್ಲಿ ಸ್ಥಾಪಿತವಾಗಿದ್ದ ಆಶ್ರಮಕ್ಕೆ 1789ರಲ್ಲಿ ಅಧ್ಯಕ್ಷನಾಗಿ ಬಂದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, ಇಂಗ್ಲಿಷ್ ಅಕ್ಷರಮಾಲೆಯನ್ನು ಕಲಿಸುವುದರಲ್ಲಿಯೇ ತನ್ನ ಉಪಾಧ್ಯಾಯರು ತಿಂಗಳುಗಳನ್ನು ಕಳೆಯುತ್ತಿರುವುದನ್ನೂ ಮಕ್ಕಳು ಬೇಸತ್ತು ತೂಕಡಿಸುತ್ತಿರುವುದನ್ನೂ ಕಂಡು ಚಿಂತಾಕ್ರಾಂತನಾಗಿದ್ದನು. ಒಂದು ದಿನ ದಾರಿಯಲ್ಲಿ ಹೋಗುತ್ತಿರುವಾಗ ಒಂದು ‘ಮಲಬಾರ್’ ಶಾಲೆಯ ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು. ಆ ಕಾಲದ ಆಂಗ್ಲರು ತಮಿಳರನ್ನೂ ಮಲಬಾರಿಗಳೆಂದೇ ಕರೆಯುತ್ತಿದ್ದರು. ಈ ಮರಳಿನ ಪಾಠವನ್ನು ತನ್ನ ಆಶ್ರಮದಲ್ಲಿಯೂ ನಡೆಸಬೇಕೆಂದು ಅವನು ಬಯಸಿದಾಗ ದೊಡ್ಡ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಬೆಲ್ಲನು ಜಾನ್ ಫ್ರಿಸ್ಕನ್ ಎಂಬ ಹೆಸರಿನ, ಒಬ್ಬ ಸಾಮಾನ್ಯ ಸಿಪಾಯಿಯ ಮಗನಾದ ಚಿಕ್ಕ ಹುಡುಗನನ್ನು ಕರೆದು ಅಕ್ಷರದ ತರಗತಿಯನ್ನು ಅವನ ಕೈಗೆ ಕೊಟ್ಟನು. ದೊಡ್ಡವರಿಂದ ಆಗದೆಂದು ತೀರ್ಮಾನವಾಗಿದ್ದ ಕಾರ್ಯವನ್ನು ಆ ಬಾಲಕನು ನಡೆಸಿ ತೋರಿಸಿದನು. ಬರಬರುತ್ತ ಆಶ್ರಮದ ತರಗತಿಗಳೆಲ್ಲವೂ ಹುಡುಗರ ಕೈಗೇ ಬಂದುವು. ತಪ್ಪು ಮಾಡಿದವರ ಹೆಸರನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಅವರ ಸಹಪಾಠಿಗಳನ್ನೇ ಪಂಚರನ್ನಾಗಿ ಕೂರಿಸಿ ವಿಚಾರಣೆ ಮಾಡಿಸುವ ಏರ್ಪಾಟನ್ನೂ ಬೆಲ್ಲನು ಮಾಡಿದ್ದನು. ಹೀಗೆ ನ್ಯಾಯವು ಮಕ್ಕಳದೇ ಆದ ಮೇಲೆ ಬೆತ್ತದ ಅವಶ್ಯಕತೆಯು ತೀರ ಕಡಿಮೆಯಾಗುವುದೆಂಬುದು ಅವನ ನಂಬಿಕೆ.

1796ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಬೆಲ್ಲನು ಮರುವರ್ಷ ಈ ಪ್ರಯೋಗವನ್ನು ಕುರಿತು ಲಂಡನ್ನಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ಅಚ್ಚು ಹಾಕಿಸಿದನು. ಅದೇ ಸುಮಾರಿಗೆ, 1798ರಲ್ಲಿ, ಜೋಸೆಫ್ ಲ್ಯಾಂಕಾಸ್ಟರ್ ಎಂಬ ತರುಣನು ಲಂಡನ್ನಿನ ಬರೋ ರೋಡಿನಲ್ಲಿ ಬಡಮಕ್ಕಳಿಗಾಗಿ ತೆರೆದ ಶಾಲೆಯು, ಒಬ್ಬನೇ ಉಪಾಧ್ಯಾಯನು ಮಾನಿಟರುಗಳ ನೆರವಿನಿಂದ ನೂರಾರು ಹುಡುಗರನ್ನು ಆಳಬಲ್ಲನೆಂಬುದನ್ನು ಲೋಕಕ್ಕೆ ತೋರಿಸಿತು. ಚೆನ್ನಾಗಿ ಓದಿದವನ ಎದೆಗೆ ಬಿಲ್ಲೆ, ಬಿಲ್ಲೆಗೆ ಬದಲಾಗಿ ಚೀಟಿ, ಚೀಟಿಗಳು ಕೂಡಿಬಂದಾಗ ಚೆಂಡು, ಗಾಳಿಪಟ ಮೊದಲಾದ ಬಹುಮಾನಗಳು. ಬೆತ್ತವನ್ನು ಕೈಯಲ್ಲಿ ಹಿಡಿಯದ ಆ ಶಾಲೆಯಲ್ಲಿ, ಹಟಮಾರಿಯಾದ ಹುಡುಗನನ್ನು ಬುಟ್ಟಿಯೊಳಗೆ ಕೂರಿಸಿ ಎಲ್ಲರಿಗೂ ಕಾಣುವಂತೆ ಮಾಡಿಗೆ ತೂಗುಬಿಡುವ ದಂಡನೆಯೂ ಇದ್ದಿತು. ಬಳ್ಳಾರಿಯ ಕೋದಂಡಕ್ಕೂ ಲಂಡನ್ನಿನ ಬುಟ್ಟಿಗೂ ಸಂಬಂಧವನ್ನು ಕಲ್ಪಿಸುವುದಕ್ಕೆ ಆಧಾರವಿಲ್ಲ. ಆದರೆ ಏಳು ಸಮುದ್ರಗಳ ಆಚೆಗೂ ಈಚೆಗೂ ಒಂದೇ ಕಾಲದಲ್ಲಿ ಎರಡು ಮಕ್ಕಳು, ಒಂದು ಹಗ್ಗದಲ್ಲಿ, ಒಂದು ಬುಟ್ಟಿಯಲ್ಲಿ, ಗೆಳೆಯರ ಕಣ್ಣೆದುರಿಗೆ ತೂಗಾಡುತ್ತಿದ್ದ ಚಿತ್ರವು ಮನಸ್ಸನ್ನು ಬಿಟ್ಟು ಹೋಗದು.

ಮಾನಿಟರನು ಇಂಗ್ಲಿಷ್ ಶಾಲೆಯ ಸಂಗಡ ನಮ್ಮ ನಾಡಿಗೆ ಬಂದಾಗ ಹೊಸಬನಂತೆ ಬಂದನು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದರು. ಅದೇ ಬೆಳೆದು ಮಹಾರಾಜಾ ಕಾಲೇಜಾಯಿತು. ಬೆಂಗಳೂರಿನಲ್ಲಿ 1858ರಲ್ಲಿ ತೆರೆದ ಹೈಸ್ಕೂಲು ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. ಆದರೆ ಈ ವೇಳೆಗೆ ಮಕ್ಕಳನ್ನು ಶಾಲೆಗೆ ಎಳೆಯುವ ಶಕ್ತಿಯೇ ಬೇರೆಯಾಗಿದ್ದಿತು. ಸರ್ಕಾರಿ ನೌಕರಿಗೆ ಇಂಗ್ಲಿಷ್ ಕಲಿತವರಿಗೆ ಆದ್ಯತೆಯೆಂದು 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಹೊರಡಿಸಿದ ನಿರ್ಣಯವು ಅಂಗೈಯ ಸರಸ್ವತಿಯ ಸ್ಥಾನದಲ್ಲಿ ಗುಮಾಸ್ತಗಿರಿಯ ಆಸೆಯನ್ನು ತಂದು ಕೂರಿಸಿತು. ಆ ಆಸೆಯು ತಂದೆತಾಯಿಗಳದು. ಎಂಟು ಹತ್ತು ವರ್ಷದ ಮಗುವಿಗೆ ಶಿರಸ್ತೇದಾರಿಕೆಯ ಕನಸು ಬೀಳುವುದಿಲ್ಲ. ಹೀಗೆ ಕಲಿಯುವವನು ಒಬ್ಬ, ಕಲಿಕೆಯ ಉದ್ದೇಶವನ್ನು ಬಲ್ಲವನು ಮತ್ತೊಬ್ಬ ಎಂಬಂತಾಯಿತು. ಇಂಗ್ಲಿಷ್ ತರಗತಿಯ ಆಯಾಸವೆಲ್ಲ ಈ ಬಿರುಕಿನಿಂದಲೇ ಹುಟ್ಟಿತೆಂದು ನಾನು ತಿಳಿದಿದ್ದೇನೆ. ಮದರಾಸ್ ಪ್ರಾಂತದಲ್ಲಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳನ್ನು ಎಣಿಸಿ ಶಾಲೆಗಳಿಗೆ ಧನಸಹಾಯವನ್ನು ಕೊಡುವ ನಿಯಮವೂ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಂದು ಸೇರಿದ ಮೇಲೆ, ಉಪಾಧ್ಯಾಯನ ಅನ್ನವೂ ಶಿಷ್ಯನ ಬಾಯಿಪಾಠಕ್ಕೆ ಕಟ್ಟುಬಿದ್ದಿತು. ಕ್ಯಾಂಬೆಲ್ಲನು ಹಳಗನ್ನಡ ಪದ್ಯಗಳ ಮಧ್ಯದಲ್ಲಿ ಕಂಡಿದ್ದ ಗಿಳಿಯು ಈಗ ಇಂಗ್ಲಿಷ್ ವಾಚಕದ ಮೇಲೆ ಬಂದು ಕುಳಿತಿತು.

ಈ ಚರಿತ್ರೆಯು ನನ್ನ ಬಾಲ್ಯದವರೆಗೂ ನಡೆದುಬಂದಿರುವುದಕ್ಕೆ ನಾನೇ ಸಾಕ್ಷಿ. ಕನ್ನಡ ಶಾಲೆಯ ಮಕ್ಕಳಿಗೆ ಆಗ ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ. ಮೇಷ್ಟರು ಹೊರಗೆ ಹೋದರೆ ಮಾನಿಟರನು ಕರಿಹಲಗೆಯ ಮೂಲೆಯಲ್ಲಿ ಮಾತಾಡಿದವರ ಹೆಸರನ್ನು ಬರೆಯುವನು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದೊಂದು ಗುಣಾಕಾರದ ಗುರುತು. ಪ್ರಶ್ನೆಗೆ ಉತ್ತರ ಹೇಳಿದವನು, ಹೇಳದೆ ನಿಂತವರ ಮೂಗನ್ನು ಎಡಗೈಯಿಂದ ಹಿಡಿದು ಬಲಗೈಯಿಂದ ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಹೇಗೆ ಹೊಡೆಯಬೇಕೆಂಬುದನ್ನು ಮೇಷ್ಟರು ಅವನ ಕೆನ್ನೆಯ ಮೇಲೆಯೇ ತೋರಿಸಿಕೊಡುವರು. ‘ನೈಫ್’ ಎಂಬ ಶಬ್ದವು ಕೆ ಅಕ್ಷರದಿಂದ ಮೊದಲಾಗುತ್ತದೆಂದು ಆ ದಿನ ನಮ್ಮ ಸಾಲಿನಲ್ಲಿ ನನಗೊಬ್ಬನಿಗೇ ತಿಳಿದಿದ್ದಿತು. ನನ್ನ ಪಕ್ಕದಲ್ಲಿ ನಿಂತಿದ್ದ ಗೆಳೆಯನು, ನನ್ನ ಕಷ್ಟವನ್ನು ಅರಿತವನಂತೆ, ತಾನೇ ಮುಖವನ್ನು ಮುಂದಕ್ಕೆ ತಂದು ಕಣ್ಣು ಮುಚ್ಚಿಕೊಂಡನು. ನಾನು ಹೊಡೆದೆನು. ಕೆ ಅಕ್ಷರವು ಅಂದಿನಿಂದ ನನಗೆ ಮರೆತುಹೋಗಿಲ್ಲ; ಆ ಮುಖವೂ ಮರೆತುಹೋಗಿಲ್ಲ.

ಸ್ವಾತಂತ್ರ್ಯಾನಂತರದ ಕಾಲದಲ್ಲಿ ಬೋಧನಕ್ರಮವನ್ನು ತಿದ್ದುವ ಪ್ರಯತ್ನಗಳು ನಡೆದುವು. ಇಂಗ್ಲಿಷಿನ ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಮೆಟ್ಟಿಲುಗಳಂತೆ ಜೋಡಿಸಿ, ‘ದಿಸ್ ಈಸ್ ಎ ಬುಕ್’ ಎಂದು ಪುಸ್ತಕವನ್ನು ಎತ್ತಿ ತೋರಿಸುತ್ತ ತರಗತಿಯೆಲ್ಲವೂ ಒಕ್ಕೊರಲಿನಿಂದ ಹೇಳುವ ಪದ್ಧತಿಯು ದಕ್ಷಿಣದಲ್ಲೆಲ್ಲ ಹಬ್ಬಿತು. ಉಪಾಧ್ಯಾಯರ ಶಿಕ್ಷಣಕ್ಕಾಗಿ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಸ್ಥಾಪನೆಯಾಯಿತು. ಮೆಟ್ಟಿಲುಗಳು ಒಪ್ಪವಾಗಿದ್ದುವು. ಆದರೆ ಎಲ್ಲರಿಗೂ ಕಾಣುತ್ತಿರುವ ಪುಸ್ತಕವನ್ನು ಪುಸ್ತಕವೆಂದು ಇಪ್ಪತ್ತು ಸಲ ಹೇಳುವುದರಲ್ಲಿ ಮಗುವಿಗೆ ತಿಳಿಯಬೇಕಾದುದು ಏನಿದ್ದಿತು?

ಈ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡವರು ಬ್ರಿಟಿಷ್ ಕೌನ್ಸಿಲಿನ ಮದರಾಸ್ ಶಾಖೆಯಲ್ಲಿದ್ದ ಎನ್. ಎಸ್. ಪ್ರಭು ಅವರು. ಭಾಷೆಯ ರೂಪವು ಚೆನ್ನಾಗಿ ಮೈಗೂಡುವುದು ಮನಸ್ಸು ಅರ್ಥದಲ್ಲಿ ಮಗ್ನವಾಗಿರುವಾಗಲೇ ಎಂಬ ತಮ್ಮ ಊಹೆಯನ್ನು ಪರೀಕ್ಷಿಸುವುದಕ್ಕಾಗಿ, 1979ರಿಂದ 1984ರವರೆಗೆ, ಬೆಂಗಳೂರಿನ ಆ ಸಂಸ್ಥೆಯ ಆಶ್ರಯದಲ್ಲಿ, ದಕ್ಷಿಣದ ಕೆಲವು ಸಾಧಾರಣ ಶಾಲೆಗಳಲ್ಲಿ ಅವರು ಸಂಗಡಿಗರೊಡನೆ ನಡೆಸಿದ ಪ್ರಯೋಗವು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಭಾಷಾಬೋಧಕರ ಪ್ರಪಂಚದಲ್ಲೆಲ್ಲ ಹೆಸರಾಯಿತು. ಆ ತರಗತಿಯಲ್ಲಿ ವ್ಯಾಕರಣದ ಪಟ್ಟಿಯಿಲ್ಲ, ಒಕ್ಕೊರಲಿನ ಪುನರುಚ್ಚಾರವಿಲ್ಲ. ಒಂದು ಊರಿನ ನಕ್ಷೆ, ಒಂದು ರೈಲಿನ ವೇಳಾಪಟ್ಟಿ, ಒಂದು ಶಾಲೆಯ ಪಾಠಗಳ ಪಟ್ಟಿ, ಇವುಗಳಲ್ಲಿ ಯಾವುದಾದರೊಂದನ್ನು ಮುಂದಿಟ್ಟು ಬುದ್ಧಿಯಿಂದ ಬಿಡಿಸಬೇಕಾದ ಒಂದು ಸಮಸ್ಯೆಯನ್ನು ಒಡ್ಡುವುದು. ಮೊದಲು ಉಪಾಧ್ಯಾಯನು ಅಂಥದೇ ಒಂದು ಸಮಸ್ಯೆಯನ್ನು ಇಡೀ ತರಗತಿಯೊಡನೆ ಇಂಗ್ಲಿಷಿನಲ್ಲಿ ಪ್ರಶ್ನೋತ್ತರದಿಂದ ಬಿಡಿಸುವನು; ಆಮೇಲೆ ಪ್ರತಿಯೊಂದು ಮಗುವೂ ತನ್ನಷ್ಟಕ್ಕೆ ತಾನು ಇನ್ನೊಂದನ್ನು ಬಿಡಿಸಬೇಕು. ತರಗತಿಯ ಅರ್ಧದಷ್ಟು ಮಕ್ಕಳಾದರೂ ಸಮಸ್ಯೆಯ ಅರ್ಧದಷ್ಟನ್ನಾದರೂ ಬಿಡಿಸಬಲ್ಲಷ್ಟು ಕಾಠಿನ್ಯವಿದ್ದರೆ ಅದು ತಕ್ಕ ಸಮಸ್ಯೆಯೆಂಬುದು ಅವರು ಇಟ್ಟುಕೊಂಡಿದ್ದ ಅಳತೆ. ಸುಲಭವಾದುದಕ್ಕೆ ಮಕ್ಕಳು ಆಕಳಿಸುತ್ತಾರೆ, ಅಸಾಧ್ಯವಾದುದಕ್ಕೆ ಕೈಚೆಲ್ಲುತ್ತಾರೆ. ಕೈಗೆ ಎಟುಕೀತೋ ಇಲ್ಲವೋ ಎಂಬಷ್ಟು ಎತ್ತರದಲ್ಲಿರುವ ಹಣ್ಣಿಗೆ ಎಲ್ಲರೂ ನೆಗೆಯುತ್ತಾರೆ.

ಮಕ್ಕಳನ್ನು ಗುಂಪುಗಳಾಗಿ ಕೂರಿಸಿ ಪರಸ್ಪರ ಮಾತಾಡಿಸುವುದನ್ನು ಪ್ರಭು ಅವರು ಪ್ರೋತ್ಸಾಹಿಸಲಿಲ್ಲ. ತಮ್ಮತಮ್ಮೊಳಗೆ ಆಡಿಕೊಂಡ ತಪ್ಪು ಭಾಷೆಯೇ ಬೇರೂರೀತೆಂಬ ಶಂಕೆ ಅವರಿಗಿದ್ದಿತು. ಜಾನ್ ಫ್ರಿಸ್ಕನ್ನನ ವೃತ್ತಾಂತವನ್ನು ಮೆಚ್ಚುವ ನನಗೆ ಈ ಒಂದು ಮಾತು ಪೂರ್ಣವಾಗಿ ಒಪ್ಪಿಗೆಯಾಗದು. ಜೊತೆಗಾರನ ಬಾಯಿಂದ ಕಲಿತ ಅಕ್ಷರಕ್ಕೆ ಒಂದು ಬೆಚ್ಚನೆಯ ಗುಣವಿದೆ. ಆದರೆ ಅವರ ತರಗತಿಯಲ್ಲಿ ಯಾವ ಮಗುವೂ ಇನ್ನೊಂದು ಮಗುವಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿರಲಿಲ್ಲವೆಂಬುದನ್ನು ನೆನೆದಾಗ ನನ್ನ ತಕರಾರು ಮೆತ್ತಗಾಗುತ್ತದೆ.

ನನ್ನಿಂದ ಏಟು ತಿಂದ ಆ ಗೆಳೆಯನ ತಂದೆಗೆ ನಮ್ಮೂರ ಬಸ್ ನಿಲ್ದಾಣದ ಬೇವಿನಮರದ ಕೆಳಗೆ ಒಂದು ಚಹದ ಅಂಗಡಿಯಿದ್ದಿತು. ಶಾಲೆ ಬಿಟ್ಟ ಮೇಲೆ ಅಲ್ಲಿ ಲೋಟ ತೊಳೆಯುತ್ತಿದ್ದ ಅವನಿಗೆ, ಯಾವ ಊರಿನ ಬಸ್ಸು ಎಷ್ಟು ಗಂಟೆಗೆ ಬರುವುದು, ಯಾವುದು ತಪ್ಪಿದರೆ ಯಾವುದನ್ನು ಹಿಡಿದು ಎಲ್ಲಿ ಇಳಿದು ಬದಲಾಯಿಸಿಕೊಂಡರೆ ಕತ್ತಲಾಗುವುದರೊಳಗೆ ಊರು ಸೇರಬಹುದು ಎಂಬುದೆಲ್ಲವೂ ನಾಲಗೆಯ ತುದಿಯಲ್ಲಿದ್ದಿತು. ಪ್ರಯಾಣಿಕರು ನಿಲ್ದಾಣದ ಗುಮಾಸ್ತನನ್ನು ಬಿಟ್ಟು ಅವನನ್ನೇ ಕೇಳುತ್ತಿದ್ದರು. ಏಳನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ತೇರ್ಗಡೆಯಾಗದೆ ಅವನು ಶಾಲೆಯನ್ನು ಬಿಟ್ಟನು. ರೈಲಿನ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಮಕ್ಕಳು ತಲೆ ಬಗ್ಗಿಸಿ ಕೂತಿದ್ದ ಬೆಂಗಳೂರಿನ ಆ ತರಗತಿಯ ವಿವರವನ್ನು ಓದುವಾಗ, ಮುಂದಿನ ಸಾಲಿನಲ್ಲಿ ಅವನೂ ಕೂತಿರುವಂತೆಯೂ, ನಾವೆಲ್ಲ ಇನ್ನೂ ಮೊದಲ ಗೆರೆಯನ್ನು ಓದುತ್ತಿರುವಾಗಲೇ ಅವನು ಬರೆದು ಮುಗಿಸಿ ಕೈ ಎತ್ತಿದಂತೆಯೂ ನನಗೆ ಕಾಣುತ್ತದೆ.