ವೃಷಭಾವತಿಯೂ ಅರ್ಕಾವತಿಯೂ

ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆಗೆ ಬಸ್ಸಿನಲ್ಲಿ ಹೋಗುವಾಗ ತಾವು ಎಷ್ಟೋ ಸಲ ಮೂಗು ಮುಚ್ಚಿಕೊಂಡಿರುತ್ತೀರಿ. ಪಕ್ಕದಲ್ಲಿ ಹರಿಯುವುದು ಏನೆಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಒಂದೇ ದನಿಯಲ್ಲಿ "ಮೋರಿ ಸಾರ್" ಎನ್ನುತ್ತಾರೆ. (ಉರ್ದುವಿನಲ್ಲೂ ಅದು ಮೋರಿಯೇ, ಅನುವಾದದ ತೊಂದರೆ ಇಲ್ಲ!) ಅದು ವೃಷಭಾವತಿ ನದಿ.

ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಇದು ಹುಟ್ಟುತ್ತದೆಂದು ಜನರ ನಂಬಿಕೆ. ಹೆಸರೂ ಅಲ್ಲಿಂದಲೇ ಬಂದಿದೆ. ಮಲ್ಲೇಶ್ವರ, ರಾಜಾಜಿನಗರ, ವಿಜಯನಗರದ ಕಡೆಯ ಹಳ್ಳಗಳೂ ಬಂದು ಕೂಡುತ್ತವೆ. ಮುಂದೆ ಕೆಂಗೇರಿ, ಬೈರಮಂಗಲ ದಾಟಿ ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತದೆ.

ಈ ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿದ ನದಿ. ಒಂದು ಕಾಲದಲ್ಲಿ ಬೆಂಗಳೂರಿಗೆ ಕುಡಿಯಲು ಕೊಟ್ಟದ್ದೇ ಇದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು.

ಆಮೇಲೆ ಎರಡು ನದಿಗಳಿಗೆ ಎರಡು ಗತಿ ಬಂತು. ಮೇಲ್ಭಾಗದ ಹಳ್ಳಿಗಳಲ್ಲಿ ಹೊಲಗಳು ನೀಲಗಿರಿ ತೋಪುಗಳಾದವು, ಸಾವಿರಾರು ಕೊಳವೆಬಾವಿಗಳು ಕೊರೆಯಲ್ಪಟ್ಟವು. ಅಂತರ್ಜಲ ಹಳ್ಳದ ತಳಕ್ಕಿಂತ ಬಹಳ ಕೆಳಗೆ ಹೋದರೆ ಹಳ್ಳಕ್ಕೆ ಒಸರು ಬರುವುದು ಎಲ್ಲಿಂದ? ಬಿದ್ದ ನೀರನ್ನು ಒಣ ಮಣ್ಣೇ ಕುಡಿದುಬಿಡುತ್ತದೆ. ಮಳೆ ಕಡಿಮೆಯಾಯಿತೆಂದು ನಾವು ಸುಲಭವಾಗಿ ಹೇಳುತ್ತೇವೆ. ಆದರೆ ಅರ್ಕಾವತಿ ಒಣಗಿದ್ದಕ್ಕೆ ಮಳೆಯ ಕೊರತೆ ಕಾರಣವಲ್ಲವೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಜಲಾನಯನದ ರಕ್ಷಣೆಗೆ ಸರ್ಕಾರ 2003ರಲ್ಲಿ ಆದೇಶ ಹೊರಡಿಸಿತ್ತು. ಆ ಹೊತ್ತಿಗೆ ತಡವಾಗಿತ್ತೆಂದೇ ನನ್ನ ಅಭಿಪ್ರಾಯ.

ವೃಷಭಾವತಿಯದು ತದ್ವಿರುದ್ಧ. ಸ್ವಾತಂತ್ರ್ಯದ ನಂತರ ರಾಜಾಜಿನಗರ, ಅನಂತರ ವಿಜಯನಗರ, ಬಸವೇಶ್ವರನಗರ ಬೆಳೆದವು. ಗದ್ದೆ, ತೋಟ, ಕೆರೆಯಂಗಳ ಇದ್ದಲ್ಲಿ ಚಾವಣಿ, ಡಾಂಬರು ಬಂದವು. ಮೊದಲು ನೆಲಕ್ಕಿಳಿದು, ಕೆರೆಯಿಂದ ಕೆರೆಗೆ ನಿಧಾನವಾಗಿ ಹರಿಯುತ್ತಿದ್ದ ಮಳೆನೀರು ಈಗ ನಿಮಿಷಗಳಲ್ಲಿ ರಾಜಕಾಲುವೆಗೆ ನುಗ್ಗುತ್ತದೆ. ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಸ್ಥಾನಕ್ಕೂ ಸುತ್ತಲ ಮನೆಗಳಿಗೂ ನೀರು ನುಗ್ಗುವುದು ಹೀಗೆ. ಜೊತೆಗೆ 1974ರಿಂದ ಸುಮಾರು 100 ಕಿಲೋಮೀಟರ್ ದೂರದ ಕಾವೇರಿ ನೀರು ನಮ್ಮ ನಲ್ಲಿಗಳಿಗೆ ಬರತೊಡಗಿತು. ನಾವು ಬಳಸಿ ಚೆಲ್ಲಿದ್ದು ಎಲ್ಲಿಗೆ ಹೋಗಬೇಕು? ಇಳಿಜಾರು ಇದ್ದ ಕಡೆಗೆ. ಬೇಸಿಗೆಯಲ್ಲಿ ಸೊರಗಬೇಕಿದ್ದ ಹಳ್ಳ ಈಗ ಹನ್ನೆರಡು ತಿಂಗಳೂ ಹರಿಯುತ್ತದೆ, ನಮ್ಮ ಬಚ್ಚಲಿನ ನೀರಿನಿಂದ!

ಬೈರಮಂಗಲ ಕೆರೆಯ ರೈತರು ಈ ನೀರಿಗೆ ಭತ್ತ ಬರುವುದಿಲ್ಲವೆಂದು ಬೇಬಿ ಕಾರ್ನ್ ಮತ್ತು ದನಗಳ ಹುಲ್ಲಿಗೆ ತಿರುಗಿದ್ದಾರೆ. ಅಲ್ಲಿನ ಹಾಲು, ತರಕಾರಿ ಬರುವುದು ಪುನಃ ಇದೇ ನಗರಕ್ಕೆ.