ಡಾಕ್ಟರ್ ಹೂ ಅಭಿಮಾನಿ ವಿಮರ್ಶೆ

ಡಾಕ್ಟರ್ ಹೂ ಅಭಿಮಾನಿ ವಿಮರ್ಶೆ ಎಂಬುದು ಬ್ರಿಟನ್ನಿನ ಬಿಬಿಸಿ ಸಂಸ್ಥೆಯ ವೈಜ್ಞಾನಿಕ ಕಲ್ಪನಾ ಧಾರಾವಾಹಿಯಾದ ಡಾಕ್ಟರ್ ಹೂ ಕುರಿತು ಅದರ ವೀಕ್ಷಕರೇ ಬೆಳೆಸಿಕೊಂಡು ಬಂದಿರುವ ಬರವಣಿಗೆ, ಚರ್ಚೆ ಮತ್ತು ಮೌಲ್ಯಮಾಪನದ ಪರಂಪರೆಯಾಗಿದೆ. 1970ರ ದಶಕದಲ್ಲಿ ಸಂಘಟಿತ ರೂಪ ಪಡೆದ ಈ ಪರಂಪರೆಯು ಕಿರುಪತ್ರಿಕೆ, ಸಮ್ಮೇಳನ, ಪುಸ್ತಕ ಮತ್ತು ಅಂತರಜಾಲಗಳ ಮೂಲಕ ಮುಂದುವರಿದಿದೆ. ಆರಂಭದ ದಶಕಗಳಲ್ಲಿ ಅಭಿಮಾನಿಗಳು ಚರ್ಚಿಸುತ್ತಿದ್ದ ಕಂತುಗಳಲ್ಲಿ ಹೆಚ್ಚಿನವು ಅವರಿಗೆ ಮತ್ತೊಮ್ಮೆ ನೋಡಲು ಲಭ್ಯವಿರಲಿಲ್ಲ. ನೆನಪನ್ನು ಆಧರಿಸಿ ನೀಡಿದ ತೀರ್ಪುಗಳಲ್ಲಿ ಹಲವು, ಕಳೆದುಹೋದ ಕಂತುಗಳು ದೊರೆತ ಮೇಲೆ ಬದಲಾದವು.

ಹಿನ್ನೆಲೆ

ಡಾಕ್ಟರ್ ಹೂ ಧಾರಾವಾಹಿಯ ಮೊದಲ ಕಂತು 1963ರ ನವೆಂಬರ್ 23ರಂದು ಪ್ರಸಾರವಾಯಿತು. ಆ ಕಾಲದಲ್ಲಿ ಮನೆಗಳಲ್ಲಿ ವಿಡಿಯೊ ಯಂತ್ರಗಳಿರಲಿಲ್ಲ, ಮರುಪ್ರಸಾರಗಳೂ ವಿರಳವಾಗಿದ್ದವು. ಹೀಗಾಗಿ ಒಂದು ಕಂತನ್ನು ನೋಡುವ ಅವಕಾಶ ಸಾಮಾನ್ಯವಾಗಿ ಒಮ್ಮೆ ಮಾತ್ರ ದೊರೆಯುತ್ತಿತ್ತು. 1973ರಿಂದ ಟಾರ್ಗೆಟ್ ಪ್ರಕಾಶನವು ಹೊರತಂದ ಕಾದಂಬರಿ ರೂಪಗಳು ಹಳೆಯ ಕಥೆಗಳನ್ನು ಹೊಸ ತಲೆಮಾರಿಗೆ ಪರಿಚಯಿಸಿದವು. ಇವುಗಳಲ್ಲಿ 60ಕ್ಕೂ ಹೆಚ್ಚು ಪುಸ್ತಕಗಳನ್ನು ಟೆರೆನ್ಸ್ ಡಿಕ್ಸ್ ಒಬ್ಬರೇ ಬರೆದರು. ಅನೇಕ ಅಭಿಮಾನಿಗಳು 1960ರ ದಶಕದ ಕಥೆಗಳನ್ನು ನೋಡುವ ಮೊದಲು ಓದಿದ್ದರು.

ಸಂಘ ಮತ್ತು ಕಿರುಪತ್ರಿಕೆಗಳು

1976ರಲ್ಲಿ ಡಾಕ್ಟರ್ ಹೂ ಅಪ್ರೀಸಿಯೇಷನ್ ಸೊಸೈಟಿ ಸ್ಥಾಪನೆಯಾಯಿತು. ಮರುವರ್ಷ ಅದು ತನ್ನ ಮೊದಲ ಸಮ್ಮೇಳನವನ್ನು ನಡೆಸಿತು. ಸಂಘದ ಪತ್ರಿಕೆಯಾದ ಟಾರ್ಡಿಸ್ ಅಲ್ಲದೆ, ಅಭಿಮಾನಿಗಳು ಸ್ವಂತ ಖರ್ಚಿನಲ್ಲಿ ಬೆರಳಚ್ಚು ಮಾಡಿ, ಪ್ರತಿ ತೆಗೆದು, ಅಂಚೆಯ ಮೂಲಕ ಹಂಚುತ್ತಿದ್ದ ಫ್ಯಾನ್‌ಜೀನ್ ಎಂಬ ಕಿರುಪತ್ರಿಕೆಗಳು ಹುಟ್ಟಿಕೊಂಡವು. ಕಥಾಸಾರ, ನಟವರ್ಗದ ವಿವರ, ನಿರ್ಮಾಣದ ದಾಖಲೆ ಮತ್ತು ವಿಮರ್ಶೆ ಇವುಗಳ ಮುಖ್ಯ ಸಾಮಗ್ರಿಗಳಾಗಿದ್ದವು. 1979ರ ಅಕ್ಟೋಬರಿನಲ್ಲಿ ಆರಂಭವಾದ ಡಾಕ್ಟರ್ ಹೂ ವೀಕ್ಲಿ ಮುಂದೆ ಮಾಸಪತ್ರಿಕೆಯಾಗಿ ಬದಲಾಗಿ, ಕಿರುಪತ್ರಿಕೆಗಳಲ್ಲಿ ಪಳಗಿದ ಹಲವು ಲೇಖಕರಿಗೆ ವೇದಿಕೆಯಾಯಿತು.

ದಿ ಡೆಡ್ಲಿ ಅಸಾಸಿನ್ ಕುರಿತ ವಿವಾದ

ಫಿಲಿಪ್ ಹಿಂಚ್‌ಕ್ಲಿಫ್ ನಿರ್ಮಾಪಕರಾಗಿಯೂ ರಾಬರ್ಟ್ ಹೋಮ್ಸ್ ಕಥಾ ಸಂಪಾದಕರಾಗಿಯೂ ಇದ್ದ 1970ರ ದಶಕದ ಮಧ್ಯಭಾಗದಲ್ಲಿ ಧಾರಾವಾಹಿಯು ಭಯಾನಕ ಕಥನದ ಕಡೆಗೆ ವಾಲಿತು. ಹೋಮ್ಸ್ ಬರೆದ ದಿ ಡೆಡ್ಲಿ ಅಸಾಸಿನ್ 1976ರ ಅಕ್ಟೋಬರ್–ನವೆಂಬರ್‌ನಲ್ಲಿ ನಾಲ್ಕು ಕಂತುಗಳಾಗಿ ಪ್ರಸಾರವಾಯಿತು. ಮೂರನೆಯ ಕಂತಿನ ಕೊನೆಯಲ್ಲಿ ನಾಯಕನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದಿರುವ ದೃಶ್ಯವನ್ನು ನೈತಿಕತೆಯ ಪರವಾದ ಪ್ರಚಾರಕಿ ಮೇರಿ ವೈಟ್‌ಹೌಸ್ ತೀವ್ರವಾಗಿ ಖಂಡಿಸಿದರು. ಬಿಬಿಸಿ ಕ್ಷಮೆ ಕೋರಿತು.

ಅಭಿಮಾನಿಗಳ ಆಕ್ಷೇಪದ ಕಾರಣ ಬೇರೆಯಾಗಿತ್ತು. 1969ರ ದಿ ವಾರ್ ಗೇಮ್ಸ್ ಕಥೆಯಲ್ಲಿ ಟೈಮ್ ಲಾರ್ಡ್ಸ್ ಜನಾಂಗವು ದೈವಸಮಾನ ಶಕ್ತಿಯುಳ್ಳದ್ದಾಗಿ ಕಾಣಿಸಿಕೊಂಡಿತ್ತು. ಹೊಸ ಕಥೆಯಲ್ಲಿ ಅದೇ ಜನಾಂಗದವರು ವಯಸ್ಸಾದ, ಸಣ್ಣ ಮನಸ್ಸಿನ, ಒಳಜಗಳದ ರಾಜಕಾರಣಿಗಳಾಗಿದ್ದರು. ಇದು ಹಿಂದಿನ ಕಥೆಗಳಿಗೆ ಮಾಡಿದ ದ್ರೋಹವೆಂದು ಸಂಘದ ಅಂದಿನ ಅಧ್ಯಕ್ಷರು ಕಟುವಾದ ವಿಮರ್ಶೆ ಬರೆದರು. ಮುಂದಿನ ಕಥೆಗಳು ಹೋಮ್ಸ್ ಚಿತ್ರಿಸಿದ ಸಮಾಜವನ್ನೇ ಆಧಾರವಾಗಿ ಸ್ವೀಕರಿಸಿದವು; ಇಂದು ಈ ಕಥೆಯನ್ನು ಧಾರಾವಾಹಿಯ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಪರಿಗಣಿಸಲಾಗುತ್ತದೆ. ಅಭಿಮಾನಿಗಳ ಒಮ್ಮತ ಬದಲಾಗುವುದಕ್ಕೆ ಈ ವಿಮರ್ಶೆಯನ್ನು ಪದೇ ಪದೇ ಉದಾಹರಿಸಲಾಗುತ್ತದೆ.

ಕಳೆದುಹೋದ ಕಂತುಗಳು

1960ರ ದಶಕದ ಉತ್ತರಾರ್ಧದಿಂದ 1978ರವರೆಗೆ ಬಿಬಿಸಿ ಹಳೆಯ ಕಾರ್ಯಕ್ರಮಗಳ ಟೇಪುಗಳನ್ನು ಮರುಬಳಕೆಗಾಗಿ ಅಳಿಸಿಹಾಕುತ್ತಿತ್ತು; ವಿದೇಶ ಮಾರಾಟಕ್ಕಾಗಿ ತೆಗೆದ ಫಿಲ್ಮ್ ಪ್ರತಿಗಳಲ್ಲಿಯೂ ಅನೇಕವು ನಾಶವಾದವು. 1978ರಲ್ಲಿ ಇಯಾನ್ ಲೆವಿನ್ ಎಂಬ ಅಭಿಮಾನಿಯು, ಡಾಲೆಕ್‌ಗಳ ಮೊದಲ ಕಥೆಯ ಫಿಲ್ಮ್‌ಗಳು ನಾಶಕ್ಕೆ ಸಿದ್ಧವಾಗಿರುವುದನ್ನು ಕಂಡು ಅದನ್ನು ತಡೆಯಲು ಕಾರಣರಾದರು. ಧಾರಾವಾಹಿಯ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ 97 ಕಂತುಗಳು 2013ರ ಶೋಧದ ನಂತರವೂ ಕಾಣೆಯಾಗಿ ಉಳಿದಿದ್ದವು.

ಆದರೆ ಈ ಕಂತುಗಳೆಲ್ಲದರ ಧ್ವನಿ ಉಳಿದುಕೊಂಡಿದೆ. ಪ್ರಸಾರದ ಸಮಯದಲ್ಲಿ ಕೆಲವು ಯುವ ವೀಕ್ಷಕರು ದೂರದರ್ಶನದ ಎದುರು ಮೈಕ್ರೊಫೋನ್ ಹಿಡಿದು, ಇಲ್ಲವೇ ಯಂತ್ರಕ್ಕೆ ನೇರವಾಗಿ ತಂತಿ ಜೋಡಿಸಿ ಮಾಡಿಕೊಂಡ ಧ್ವನಿಮುದ್ರಣಗಳೇ ಇದಕ್ಕೆ ಕಾರಣ. ಮತ್ತೊಮ್ಮೆ ಕೇಳಬೇಕೆಂಬ ವೈಯಕ್ತಿಕ ಆಸೆಯಿಂದ ಮಾಡಿದ ಈ ಟೇಪುಗಳು ಅಭಿಮಾನಿಗಳ ನಡುವೆ ಪ್ರತಿಯಿಂದ ಪ್ರತಿಯಾಗಿ ಹರಡಿ, ವಿಮರ್ಶೆಗೆ ಆಧಾರವಾದವು. ಛಾಯಾಗ್ರಾಹಕ ಜಾನ್ ಕ್ಯೂರಾ ದೂರದರ್ಶನದ ಪರದೆಯಿಂದ ತೆಗೆದಿದ್ದ ಸ್ಥಿರಚಿತ್ರಗಳೊಂದಿಗೆ ಅವುಗಳನ್ನು ಜೋಡಿಸಿ ಅಭಿಮಾನಿಗಳು ಕಂತುಗಳನ್ನು ಪುನರ್ರಚಿಸಿದರು. ಮುಂದೆ ಬಿಬಿಸಿ ಹೊರತಂದ ಧ್ವನಿಮುದ್ರಿಕೆಗಳಿಗೂ, 2016ರ ದಿ ಪವರ್ ಆಫ್ ದ ಡಾಲೆಕ್ಸ್ ಸೇರಿದಂತೆ ಆನಿಮೇಷನ್ ರೂಪಗಳಿಗೂ ಇದೇ ಧ್ವನಿಯನ್ನು ಬಳಸಲಾಗಿದೆ.

ನೆನಪು ಮತ್ತು ಮರುವೀಕ್ಷಣೆ

1967ರ ದಿ ಟೂಂಬ್ ಆಫ್ ದ ಸೈಬರ್‌ಮೆನ್ ಕಥೆಯು ಹಲವು ವರ್ಷಗಳ ಕಾಲ ಅಭಿಮಾನಿಗಳ ಬರವಣಿಗೆಯಲ್ಲಿ ಮೇರುಕೃತಿಯೆಂದು ಹೆಸರಾಗಿತ್ತು. ಹಾಂಗ್‌ಕಾಂಗ್‌ನಲ್ಲಿ ದೊರೆತ ಅದರ ನಾಲ್ಕೂ ಕಂತುಗಳು 1992ರಲ್ಲಿ ವಿಡಿಯೊ ರೂಪದಲ್ಲಿ ಬಿಡುಗಡೆಯಾದವು. ಗೋರಿಯಿಂದ ಸೈಬರ್‌ಮೆನ್ ಹೊರಬರುವ ದೃಶ್ಯವು ಮೆಚ್ಚುಗೆ ಉಳಿಸಿಕೊಂಡಿತು. ಆದರೆ ಕಣ್ಣಿಗೆ ಬೀಳುವ ತಂತಿಗಳು ಹಾಗೂ ಹೆಚ್ಚು ಮಾತಿಲ್ಲದ ಕಪ್ಪುವರ್ಣೀಯ ಸೇವಕ ಟೋಬರ್‌ಮನ್‌ನ ಚಿತ್ರಣವು ಟೀಕೆಗೆ ಒಳಗಾದವು.

ದಿ ಎನಿಮಿ ಆಫ್ ದ ವರ್ಲ್ಡ್ ಕಥೆಯ ಗತಿ ಇದಕ್ಕೆ ವಿರುದ್ಧವಾದುದು. ಆರು ಕಂತುಗಳಲ್ಲಿ ಮೂರನೆಯದು ಮಾತ್ರ ಉಳಿದಿದ್ದರಿಂದ ಅದನ್ನು ನೀರಸ ಕಥೆಯೆಂದು ಬಗೆಯಲಾಗಿತ್ತು. ನೈಜೀರಿಯದ ಜೋಸ್ ನಗರದಲ್ಲಿ ಪತ್ತೆಯಾದ ಫಿಲ್ಮ್‌ಗಳಿಂದ ಕಥೆ ಪೂರ್ಣಗೊಂಡು 2013ರ ಅಕ್ಟೋಬರಿನಲ್ಲಿ ಬಿಡುಗಡೆಯಾದಾಗ, ನಾಯಕ ಮತ್ತು ಖಳನಾಯಕ ಎರಡೂ ಪಾತ್ರಗಳಲ್ಲಿ ಪ್ಯಾಟ್ರಿಕ್ ಟ್ರೌಟನ್ ಅವರ ಅಭಿನಯಕ್ಕೆ ವ್ಯಾಪಕ ಪ್ರಶಂಸೆ ದೊರೆಯಿತು.

1980ರ ದಶಕದ ಸಂಘರ್ಷ

1980ರಿಂದ 1989ರವರೆಗೆ ನಿರ್ಮಾಪಕರಾಗಿದ್ದ ಜಾನ್ ನೇಥನ್-ಟರ್ನರ್ ಅಭಿಮಾನಿ ಸಮ್ಮೇಳನಗಳಲ್ಲಿ ಸಕ್ರಿಯರಾಗಿದ್ದರು. ಆದರೆ ದಶಕದ ಮಧ್ಯಭಾಗದ ವೇಳೆಗೆ ಡಾಕ್ಟರ್ ಹೂ ಬುಲೆಟಿನ್‌ನಂತಹ ಪತ್ರಿಕೆಗಳು ಅವರ ವಿರುದ್ಧ ತೀವ್ರ ಟೀಕೆಯನ್ನು ಪ್ರಕಟಿಸತೊಡಗಿದವು. 1985ರಲ್ಲಿ ಬಿಬಿಸಿ ಧಾರಾವಾಹಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. 1986ರಲ್ಲಿ ಅದು ಮರಳಿ ಬಂದಾಗ, ಬಿಬಿಸಿಯ ಓಪನ್ ಏರ್ ಕಾರ್ಯಕ್ರಮದಲ್ಲಿ ಯುವ ಅಭಿಮಾನಿಗಳು ಆ ವರ್ಷದ ಕಥೆಯನ್ನು ಅದರ ಲೇಖಕರಾದ ಪಿಪ್ ಮತ್ತು ಜೇನ್ ಬೇಕರ್ ಅವರ ಸಮಕ್ಷಮದಲ್ಲೇ ಟೀಕಿಸಿದರು. ಅವರಲ್ಲೊಬ್ಬರಾದ ಕ್ರಿಸ್ ಚಿಬ್ನಾಲ್ 2018ರಲ್ಲಿ ಅದೇ ಧಾರಾವಾಹಿಯ ಮುಖ್ಯಸ್ಥರಾಗಿ, ಅಂಥದೇ ಟೀಕೆಗಳನ್ನು ಎದುರಿಸಿದರು. 1989ರಲ್ಲಿ ನಿಂತ ಧಾರಾವಾಹಿಯು ನಿಯಮಿತವಾಗಿ ಮರಳಿದ್ದು 2005ರ ಮಾರ್ಚ್ 26ರಂದು.

ವಿಮರ್ಶೆಯಿಂದ ನಿರ್ಮಾಣಕ್ಕೆ

2005ರ ನಂತರ ಧಾರಾವಾಹಿಯನ್ನು ಮುನ್ನಡೆಸಿದ ರಸೆಲ್ ಟಿ. ಡೇವಿಸ್, ಸ್ಟೀವನ್ ಮೊಫಾಟ್ ಮತ್ತು ಚಿಬ್ನಾಲ್ ಮೂವರೂ ಬಾಲ್ಯದಿಂದ ಅದರ ಅಭಿಮಾನಿಗಳಾಗಿದ್ದರು. ಕಿರುಪತ್ರಿಕೆಗಳಿಂದ ಬಂದ ಪಾಲ್ ಕಾರ್ನೆಲ್ ಅವರು ಮಾರ್ಟಿನ್ ಡೇ ಮತ್ತು ಕೀತ್ ಟಾಪಿಂಗ್ ಅವರೊಂದಿಗೆ 1995ರಲ್ಲಿ ದಿ ಡಿಸ್‌ಕಂಟಿನ್ಯುಯಿಟಿ ಗೈಡ್ ಬರೆದು, 2005ರಲ್ಲಿ ಫಾದರ್ಸ್ ಡೇ ಕಂತನ್ನು ರಚಿಸಿದರು. 2013ರಲ್ಲಿ ನಾಯಕ ಪಾತ್ರಕ್ಕೆ ಆಯ್ಕೆಯಾದ ಪೀಟರ್ ಕಪಾಲ್ಡಿ ತಮ್ಮ 15ನೆಯ ವಯಸ್ಸಿನಲ್ಲಿ ರೇಡಿಯೊ ಟೈಮ್ಸ್ ಪತ್ರಿಕೆಗೆ ಧಾರಾವಾಹಿಯ ಕುರಿತು ಪತ್ರ ಬರೆದಿದ್ದರು.

ಸಮೀಕ್ಷೆಗಳು

ಡಾಕ್ಟರ್ ಹೂ ಮ್ಯಾಗಜಿನ್ 2009ರಲ್ಲಿ ಅಂದಿನವರೆಗಿನ 200 ಕಥೆಗಳ ಕುರಿತು ಓದುಗರ ಮತ ಪಡೆಯಿತು. ದಿ ಕೇವ್ಸ್ ಆಫ್ ಆಂಡ್ರೊಜಾನಿ ಮೊದಲ ಸ್ಥಾನವನ್ನೂ ದಿ ಟ್ವಿನ್ ಡಿಲೆಮಾ ಕೊನೆಯ ಸ್ಥಾನವನ್ನೂ ಪಡೆದವು. ಇವೆರಡೂ 1984ರ ಮಾರ್ಚ್‌ನಲ್ಲಿ ಒಂದರ ಹಿಂದೊಂದು ಪ್ರಸಾರವಾದ, ಒಬ್ಬರೇ ನಿರ್ಮಾಪಕರ ಕಥೆಗಳು. 2014ರ ಸಮೀಕ್ಷೆಯಲ್ಲಿ ಮೊದಲ ಸ್ಥಾನ ದಿ ಡೇ ಆಫ್ ದ ಡಾಕ್ಟರ್‌ಗೆ ದೊರೆತರೂ ಕೊನೆಯ ಸ್ಥಾನ ಬದಲಾಗಲಿಲ್ಲ.

ಅಧ್ಯಯನ

ಮಾಧ್ಯಮ ವಿದ್ವಾಂಸ ಜಾನ್ ಟಲಕ್ ಅವರು ಮ್ಯಾನುವೆಲ್ ಅಲ್ವರಾಡೊ ಜೊತೆ ಸೇರಿ 1983ರಲ್ಲಿ ಈ ಧಾರಾವಾಹಿಯ ಕುರಿತು ಸಂಶೋಧನ ಗ್ರಂಥವನ್ನು ಪ್ರಕಟಿಸಿದರು. 1995ರಲ್ಲಿ ಹೆನ್ರಿ ಜೆಂಕಿನ್ಸ್ ಜೊತೆಗೆ ಬರೆದ ಕೃತಿಯಲ್ಲಿ ಅವರು ಅಭಿಮಾನಿಗಳನ್ನು ಅಧಿಕಾರವಿಲ್ಲದ ಗಣ್ಯವರ್ಗವೆಂದು ಬಣ್ಣಿಸಿದರು. ಧಾರಾವಾಹಿಯ ಬಗ್ಗೆ ಆಳವಾದ ಜ್ಞಾನವಿದ್ದರೂ ಅದರ ನಿರ್ಮಾಣದ ಮೇಲೆ ಹಿಡಿತವಿಲ್ಲ ಎಂಬುದು ಇದರ ತಾತ್ಪರ್ಯ. ಬ್ರಿಟಿಷ್ ಅಭಿಮಾನಿ ಬರವಣಿಗೆಯಲ್ಲಿ ಪುರುಷರದೇ ಮೇಲುಗೈ ಇದ್ದ ಹಿನ್ನೆಲೆಯಲ್ಲಿ, ಮಹಿಳೆಯರ ಪ್ರಬಂಧಗಳ ಸಂಕಲನವಾದ ಚಿಕ್ಸ್ ಡಿಗ್ ಟೈಮ್ ಲಾರ್ಡ್ಸ್ 2010ರಲ್ಲಿ ಪ್ರಕಟವಾಗಿ, ಮರುವರ್ಷ ಹ್ಯೂಗೊ ಪ್ರಶಸ್ತಿಯನ್ನು ಪಡೆಯಿತು.