ರಡಾರ್ ಚಿತ್ರ ವಿಶ್ಲೇಷಣೆ, ಚಾಲಕರಹಿತ ವಾಹನಗಳಲ್ಲಿ

ವಾಹನದ ರಡಾರ್ ಹೊರಸೂಸಿದ ರೇಡಿಯೊ ಅಲೆಗಳ ಪ್ರತಿಫಲನವನ್ನು ಚಿತ್ರರೂಪಕ್ಕೆ ತಂದು, ಸುತ್ತಲಿನ ವಾಹನ, ಪಾದಚಾರಿ, ತಡೆಗೋಡೆ ಮುಂತಾದವನ್ನು ಗುರುತಿಸುವ ತಂತ್ರ. ದಟ್ಟ ಮಂಜು, ಹಿಮಪಾತಗಳಲ್ಲಿ ಕ್ಯಾಮೆರಾ ಮತ್ತು ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಮಂಕಾದಾಗಲೂ ರಡಾರ್ ಬಹುಮಟ್ಟಿಗೆ ಕೆಲಸ ಮಾಡುವುದರಿಂದ ಸುರಕ್ಷತೆಯ ದೃಷ್ಟಿಯಿಂದ ಇದು ಬಹಳ ಮುಖ್ಯ.

ಕಾರ್ಯವಿಧಾನ: ಈ ರಡಾರ್‌ಗಳು ಹೆಚ್ಚಾಗಿ 76–81 ಗಿಗಾಹರ್ಟ್ಸ್ ಆವರ್ತನವನ್ನು ಬಳಸುತ್ತವೆ, ತರಂಗಾಂತರ ಸುಮಾರು 4 ಮಿ.ಮೀ. ಆವರ್ತನವನ್ನು ಸತತವಾಗಿ ಬದಲಿಸುತ್ತ ಕಳಿಸಿದ ಸಂಕೇತವನ್ನು ಮರಳಿದ ಅಲೆಯೊಡನೆ ಹೋಲಿಸಿದಾಗ ದೂರ ತಿಳಿಯುತ್ತದೆ. ವಸ್ತುವಿನ ಚಲನೆಯಿಂದ ಮರಳಿದ ಅಲೆಯ ಆವರ್ತನದಲ್ಲಾಗುವ ಬದಲಾವಣೆಯಿಂದ, ಅಂದರೆ ಡಾಪ್ಲರ್ ಪಲ್ಲಟದಿಂದ, ವೇಗವೂ, ಹಲವು ಆಂಟೆನಾಗಳ ಸಂಕೇತಗಳ ನಡುವಿನ ವ್ಯತ್ಯಾಸದಿಂದ ದಿಕ್ಕೂ ದೊರೆಯುತ್ತವೆ.

ಅರ್ಥೈಸುವಿಕೆ: ಮೊದಲು ಗದ್ದಲವನ್ನು ಸೋಸಿ, ಪ್ರಬಲ ಬಿಂದುಗಳನ್ನು ಗುಂಪುಗೂಡಿಸಲಾಗುತ್ತದೆ, ಬಳಿಕ ಕೃತಕ ನರಜಾಲ ಮಾದರಿಗಳು ಅವನ್ನು ವರ್ಗೀಕರಿಸುತ್ತವೆ. ನಡೆಯುವ ವ್ಯಕ್ತಿಯ ಮುಂಡ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗಿದರೆ, ಬೀಸುವ ಕೈಕಾಲುಗಳು ಬೇರೆ ಬೇರೆ ವೇಗ ತೋರುತ್ತವೆ. ಈ ಸೂಕ್ಷ್ಮ ಡಾಪ್ಲರ್ ಗುರುತು ಪಾದಚಾರಿಯನ್ನು ಪತ್ತೆಹಚ್ಚಲು ನೆರವಾಗುತ್ತದೆ.

ತೊಡಕುಗಳು: ದಿಕ್ಕಿನ ಸ್ಪಷ್ಟತೆ ಲೈಡಾರ್‌ಗಿಂತ ಕಡಿಮೆ. ರಸ್ತೆಬದಿಯ ಲೋಹದ ಬೇಲಿಗೆ ತಾಗಿ ಬಂದ ಪ್ರತಿಫಲನ, ಬೇಲಿಯಾಚೆ ಇಲ್ಲದ ವಾಹನವನ್ನು ತೋರಿಸಬಹುದು. ಎತ್ತರವನ್ನು ಅಳೆಯದ ರಡಾರ್‌ಗೆ ಮೇಲ್ಸೇತುವೆಯೂ ನಿಂತ ಲಾರಿಯೂ ಒಂದೇ ಬಗೆಯಾಗಿ ಕಾಣಬಹುದು. ಎತ್ತರವನ್ನೂ ಅಳೆಯುವ ನಾಲ್ಕು ಆಯಾಮದ ರಡಾರ್ ಈ ಕೊರತೆಯನ್ನು ತಗ್ಗಿಸುತ್ತದೆ.

ದತ್ತಾಂಶ: ಸಂಶೋಧನೆಗಾಗಿ ಬಾಸ್ಟನ್ ಮತ್ತು ಸಿಂಗಪುರಗಳಲ್ಲಿ ಸಂಗ್ರಹಿಸಿದ ನುಸೀನ್ಸ್ ಎಂಬ ದತ್ತಾಂಶ ಸಂಚಯದಲ್ಲಿ 5 ರಡಾರ್, 6 ಕ್ಯಾಮೆರಾ, 1 ಲೈಡಾರ್‌ಗಳ ಮಾಹಿತಿಯಿದೆ. ಆಕ್ಸ್‌ಫರ್ಡ್ ರಡಾರ್ ರೋಬೋಟ್‌ಕಾರ್ ಸಂಚಯವು 2019ರ ಜನವರಿಯಲ್ಲಿ ಆಕ್ಸ್‌ಫರ್ಡ್ ನಗರದಲ್ಲಿ ಕ್ರಮಿಸಿದ ಸುಮಾರು 280 ಕಿ.ಮೀ. ಸಂಚಾರವನ್ನು ದಾಖಲಿಸಿದೆ.